ಖಾಲಿ ಹೊತ್ತಿನ ಹೂವುಗಳು

ನಮ್ಮ ಮನೆಯ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಹಳೆಯ ಬಿಸ್ಕೆಟ್ ಡಬ್ಬವಿದೆ. ಅದರಲ್ಲಿ ಬಿಸ್ಕೆಟ್ ಇದ್ದುದನ್ನು ನಾನು ನೋಡಿಯೇ ಇಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅದರಲ್ಲಿರುವುದು ಉಮ್ಮನ ಕ್ರೋಶಾ ಕಡ್ಡಿಗಳು, ಅರ್ಧ ಮುಗಿದ ಬಿಳಿ ನೂಲಿನ ಉಂಡೆಗಳು ಮತ್ತು ಯಾವುದಕ್ಕೂ ಜೋಡಿಸದೆ ಉಳಿದುಹೋದ ಹತ್ತಾರು ಹೂವುಗಳು.

ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಉಮ್ಮನ ಕ್ರೋಶಾ ತಗಲದ ವಸ್ತುವೇ ಇರಲಿಲ್ಲ. ರೇಡಿಯೊಗೊಂದು ಹೊದಿಕೆ, ಅದರ ನಂತರ ಬಂದ ಟಿ.ವಿ.ಗೊಂದು ಹೊದಿಕೆ, ನೀರಿನ ಹೂಜಿಯ ಬಾಯಿಗೆ ಸುತ್ತಲೂ ಮಣಿ ಪೋಣಿಸಿದ ದುಂಡನೆಯ ಮುಚ್ಚಳ, ದಿಂಬಿನ ಚೀಲದ ಅಂಚು, ಹಸುಗೂಸುಗಳ ಕಾಲಿಗೆ ಉಣ್ಣೆಯ ಬೂಟು... ರಮಝಾನ್ ಹತ್ತಿರವಾದರೆ ಬಿಳಿಯ ಜಾಲರಿ ಟೊಪ್ಪಿಗಳು. ಈದ್‌ನ ಬೆಳಿಗ್ಗೆ ಕೇರಿಯ ಹುಡುಗರು ಸಾಲಾಗಿ ಮಸೀದಿಗೆ ಹೊರಟರೆ ಯಾರ ತಲೆಯ ಮೇಲಿರುವುದು ಉಮ್ಮನ ಟೊಪ್ಪಿ ಎಂದು ನಾನು ದೂರದಿಂದಲೇ ಹೇಳುತ್ತಿದ್ದೆ. ನೆತ್ತಿಯ ನಡುವೆ ಆರು ಎಸಳಿನ ಹೂವಿದ್ದರೆ ಅದು ಉಮ್ಮನದು.

"ಇಷ್ಟೆಲ್ಲ ಯಾವಾಗ ಮಾಡ್ತೀರಿ ಉಮ್ಮಾ?" ಎಂದು ಯಾರು ಕೇಳಿದರೂ ಅವರ ಉತ್ತರ ಒಂದೇ.

"ಖಾಲಿ ಹೊತ್ತಿನಲ್ಲಿ."

ನಮ್ಮ ಕೇರಿಯ ಹೆಚ್ಚಿನ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪು ಬ್ರಾಂಚಿನಿಂದ ತರುವುದು, ಕಟ್ಟಿ ಕೊಡುವುದು, ಸಾವಿರಕ್ಕೆ ಇಷ್ಟೆಂದು ಲೆಕ್ಕ. ಬೀಡಿ ಕಾರ್ಮಿಕರಿಗಾಗಿಯೇ 1966ರಲ್ಲಿ ಕಾನೂನು ಬಂದಿತ್ತು. ಮನೆಯ ಜಗಲಿಯಲ್ಲೇ ಕುಳಿತು ಕಟ್ಟಿದರೂ ಅವರಿಗೆ ಪಾಸ್‌ಬುಕ್ ಇತ್ತು, ಪಿ.ಎಫ್. ಇತ್ತು. ಅವರನ್ನು ಯಾರೂ ಖಾಲಿ ಕೂತವರೆಂದು ಹೇಳುತ್ತಿರಲಿಲ್ಲ. ಅದೇ ಜಗಲಿಯ ಇನ್ನೊಂದು ಮೂಲೆಯಲ್ಲಿ ಕುಳಿತು ಕ್ರೋಶಾ ಹೆಣೆಯುತ್ತಿದ್ದ ಉಮ್ಮ ಮಾತ್ರ ಎಲ್ಲರ ಲೆಕ್ಕದಲ್ಲಿ, ತನ್ನ ಲೆಕ್ಕದಲ್ಲಿಯೂ, ಖಾಲಿ ಕೂತವರಾಗಿದ್ದರು. ಈ ಮಾತು ನನಗೆ ಹೊಳೆದದ್ದು ಮಾತ್ರ ಬಹಳ ತಡವಾಗಿ. ಅದೂ ನಮ್ಮೂರಿನಲ್ಲಲ್ಲ, ಗೋದಾವರಿ ತೀರದ ಒಂದು ಊರಿನಲ್ಲಿ.

ಅಲ್ಲಿಗೆ ಹೋಗುವ ಮುನ್ನ ನನ್ನ ಮಗಳ ವಿಷಯ ಹೇಳಬೇಕು.

ಅಜ್ಜಿಯ ಡಬ್ಬದಿಂದ ಒಂದು ಕಡ್ಡಿ ತೆಗೆದುಕೊಂಡ ಇವಳು ಮೊಬೈಲ್‌ನಲ್ಲಿ ನೋಡಿ ನೋಡಿ ಕ್ರೋಶಾ ಕಲಿತಳು. ಇವಳದು ಹೊದಿಕೆ, ಮುಚ್ಚಳಗಳ ಕಾಲವಲ್ಲ. ಕೈಚೀಲ, ಕೂದಲಿಗೆ ಕಟ್ಟುವ ಬಳೆ, ಕೀ ಗೊಂಚಲಿಗೆ ಪುಟ್ಟ ಸ್ಟ್ರಾಬೆರಿ, ಪುಸ್ತಕದ ನಡುವೆ ಇಡುವ ಎಲೆ ಮತ್ತು ಗೊಂಬೆಗಳು. ಜಪಾನಿನವರು ಇಂತಹ ಗೊಂಬೆಗಳಿಗೆ 'ಅಮಿಗುರುಮಿ' ಎನ್ನುತ್ತಾರಂತೆ. ಅವಳು ಮೊದಲು ಹೆಣೆದದ್ದು ಎಂಟು ಕಾಲಿನ ಒಂದು ಆಕ್ಟೋಪಸ್. "ಇದೆಂಥ ಗೊಂಬೆ ಮಾರಾಯ್ತಿ, ಬೆಕ್ಕೋ ಮೊಲವೋ ಮಾಡಬಾರದಿತ್ತಾ?" ಎಂದು ನಾನು ನಕ್ಕೆ. ಆಗ ಅವಳು ಡೆನ್ಮಾರ್ಕಿನ ಕತೆ ಹೇಳಿದಳು. ಅಲ್ಲಿ 2013ರಲ್ಲಿ ಕೆಲವರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ಹತ್ತಿ ನೂಲಿನ ಆಕ್ಟೋಪಸ್‌ಗಳನ್ನು ಹೆಣೆದು ಆಸ್ಪತ್ರೆಗಳಿಗೆ ಕೊಡತೊಡಗಿದರು. ಸುರುಳಿ ಸುರುಳಿಯಾದ ಆ ಕಾಲುಗಳನ್ನು ಹಿಡಿದ ಮಗುವಿಗೆ ತಾಯಿಯ ಹೊಟ್ಟೆಯೊಳಗಿನ ಹೊಕ್ಕುಳಬಳ್ಳಿಯ ನೆನಪಾಗುತ್ತದೆ ಎಂಬುದು ಅವರ ನಂಬಿಕೆ. ಹಾಗೆ ಶುರುವಾದದ್ದು ಬೇರೆ ದೇಶಗಳಿಗೂ ಹರಡಿತು.

ಕ್ರೋಶಾ ಹಾಕುವವರಿಗೆ ಅದರ ಸುಖವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗಾಗಿ ಎರಡು ಮಾತು. ನಿಟ್ಟಿಂಗ್‌ನಲ್ಲಿ ಎರಡು ಕಡ್ಡಿ, ಕಡ್ಡಿಯ ಉದ್ದಕ್ಕೂ ಬಿಚ್ಚಿಕೊಳ್ಳಲು ಕಾದಿರುವ ಹತ್ತಾರು ಕುಣಿಕೆಗಳು. ಕ್ರೋಶಾದಲ್ಲಿ ಒಂದೇ ಕಡ್ಡಿ, ಕೈಯಲ್ಲಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಅದರೊಳಗಿಂದ ಇನ್ನೊಂದನ್ನು ಎಳೆದರೆ ಚೈನ್. ಕಡ್ಡಿಗೆ ನೂಲು ಸುತ್ತಿ ಎಳೆದರೆ ಕಂಬ. ಚೈನ್ ಮತ್ತು ಕಂಬ, ಇಷ್ಟರಿಂದಲೇ ಹೂವು, ಜಾಲರಿ, ಟೊಪ್ಪಿ, ಗೊಂಬೆ ಎಲ್ಲವೂ. ಒಲೆಯ ಮೇಲೆ ಹಾಲು ಉಕ್ಕಿದರೆ ಆ ಒಂದು ಕುಣಿಕೆಗೆ ಪಿನ್ನು ಚುಚ್ಚಿ ಎದ್ದು ಹೋಗಬಹುದು. ಬಂದು ಅಲ್ಲಿಂದಲೇ ಮುಂದುವರಿಸಬಹುದು. ತಪ್ಪಿದರೆ ಎಳೆದರಾಯಿತು, ಸರ್ರನೆ ಬಿಚ್ಚಿಕೊಂಡು ನೂಲು ಮತ್ತೆ ನೂಲಾಗುತ್ತದೆ. ಹರಿದ ಬಟ್ಟೆಯ ಹಾಗಲ್ಲ, ಉಪ್ಪು ಹೆಚ್ಚಾದ ಸಾರಿನ ಹಾಗೂ ಅಲ್ಲ. ಮಾಡಿದ ತಪ್ಪನ್ನು ಇಷ್ಟು ಸುಲಭವಾಗಿ ಕ್ಷಮಿಸುವ ಕೆಲಸ ಹೆಂಗಸರ ಪಾಲಿಗೆ ಇನ್ನೊಂದಿಲ್ಲ ಎಂದು ನನಗೆ ಅನಿಸುವುದುಂಟು.

ಕಳೆದ ವರ್ಷ ನಮ್ಮ ಸಂಬಂಧಿಕರೊಬ್ಬರು ಮಗುವಿನ ತೊಟ್ಟಿಲಿಗೆ ತೂಗುಹಾಕಲು ಆರು ಗೊಂಬೆ ಬೇಕೆಂದು ಮಗಳಲ್ಲಿ ಕೇಳಿದರು. ಒಂದು ಗೊಂಬೆಗೆ ನಾಲ್ಕು ಗಂಟೆಯಂತೆ ಕುಳಿತು ಅವಳು ಹೆಣೆದು ಮುಗಿಸಿದಳು. ದುಡ್ಡಿನ ಮಾತು ಬಂದಾಗ ಮಧ್ಯೆ ಬಾಯಿ ಹಾಕಿದವಳು ನಾನು. "ನಮ್ಮವರೇ ಅಲ್ಲವಾ, ನೂಲಿನ ಖರ್ಚು ಮಾತ್ರ ಕೊಡಿ, ಸಾಕು" ಎಂದೆ. ಅವರು ಸಂತೋಷದಿಂದ ಅಷ್ಟನ್ನು ಕೊಟ್ಟು ಹೋದರು.

"ನನ್ನ 24 ಗಂಟೆ ಎಲ್ಲಿ ಹೋಯ್ತು ಉಮ್ಮಾ?" ಎಂದು ಮಗಳು ಕೇಳಿದಳು.

"ಹೇಗೂ ಖಾಲಿ ಕೂತಿದ್ದೆಯಲ್ಲ" ಎಂದುಬಿಟ್ಟೆ.

ಅವಳು ಮಾತಾಡಲಿಲ್ಲ. ಆಮೇಲೆ ಒಂದು ತಿಂಗಳು ಕಡ್ಡಿಯನ್ನೂ ಮುಟ್ಟಲಿಲ್ಲ.

ಇದಾದ ಕೆಲವು ವಾರಗಳಿಗೆ ನಮ್ಮವರಿಗೆ ಸಿಗಡಿ ವ್ಯಾಪಾರದ ಕೆಲಸದಲ್ಲಿ ಆಂಧ್ರದ ಭೀಮಾವರಕ್ಕೆ ಹೋಗಬೇಕಾಯಿತು. ಅಲ್ಲಿ ಅವರ ವ್ಯಾಪಾರದ ಗೆಳೆಯರೊಬ್ಬರ ಮನೆಯವರು ಬಹಳ ದಿನದಿಂದ ಕರೆಯುತ್ತಿದ್ದರಿಂದ ನಾನೂ ಹೊರಟೆ. ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ವಿಜಯವಾಡ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಗುಡಿವಾಡದ ಮೇಲಾಗಿ ಭೀಮಾವರ. ನಮ್ಮ ಕಡೆಯಂತೆ ಗುಡ್ಡ, ತಿರುವು, ಸುರಂಗ ಯಾವುದೂ ಇಲ್ಲ. ಕಣ್ಣು ಹಾಯಿಸಿದಷ್ಟೂ ಸಮತಟ್ಟು ನೆಲ. ಗದ್ದೆ, ಕಾಲುವೆ, ತೆಂಗು, ಮತ್ತೆ ಗದ್ದೆ. ಧವಳೇಶ್ವರಂನಲ್ಲಿ ಗೋದಾವರಿಗೆ ಅಡ್ಡವಾಗಿ ಕಟ್ಟಿದ ಅಣೆಕಟ್ಟು 1852ರಲ್ಲಿ ಮುಗಿದ ಮೇಲೆ ಅದರ ಕಾಲುವೆಗಳು ಈ ಬಯಲನ್ನು ಅನ್ನದ ಬಟ್ಟಲಾಗಿಸಿದವು. ಈಗ ಎಷ್ಟೋ ಗದ್ದೆಗಳು ಸಿಗಡಿಯ ಕೆರೆಗಳಾಗಿವೆ. ನೀರಿನ ಮೇಲೆ ತಿರುಗುತ್ತ ನೊರೆ ಚಿಮ್ಮಿಸುವ ಚಕ್ರಗಳು ರೈಲಿನ ಕಿಟಕಿಯಿಂದಲೇ ಕಾಣುತ್ತವೆ.

ಮರುದಿನ ಗಂಡಸರು ಕೆರೆಗಳ ಕಡೆ ಹೊರಟರು. ಮನೆಯೊಡತಿಯನ್ನು ನಾನು ಆಪಾ ಎಂದು ಕರೆಯತೊಡಗಿದ್ದೆ. ನನ್ನ ಹರುಕು ಉರ್ದು, ಅವರ ತೆಲುಗು ಬೆರೆತ ಉರ್ದು, ಎರಡಕ್ಕೂ ಹೇಗೋ ಹೊಂದಾಣಿಕೆಯಾಗಿತ್ತು. ಊಟದ ಮೇಜಿನ ಮೇಲಿದ್ದ ಬಿಳಿಯ ಹಾಸನ್ನು ನಾನು ಬೆರಳಾಡಿಸಿ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ನಿಮಗೆ ಇದರಲ್ಲಿ ಆಸಕ್ತಿ ಉಂಟಾ? ಹಾಗಾದರೆ ಏಳಿ. ಸಿಗಡಿ ನೋಡಿ ಏನು ಮಾಡ್ತೀರಿ, ನಿಮ್ಮೂರಲ್ಲಿ ಸಮುದ್ರವೇ ಇದೆ. ನರಸಾಪುರಕ್ಕೆ ಹೋಗೋಣ" ಎಂದರು ಆಪಾ.

ನರಸಾಪುರ ಎಂದರೆ ಕೋಲಾರದ ಹತ್ತಿರದ್ದಲ್ಲ. ಇದು ಪಶ್ಚಿಮ ಗೋದಾವರಿ ಜಿಲ್ಲೆಯದು. ಭೀಮಾವರದಿಂದ ಪಾಲಕೊಲ್ಲಿನ ಮೇಲಾಗಿ ಸುಮಾರು 30 ಕಿಲೋಮೀಟರ್. ಗೋದಾವರಿಯ ಒಂದು ಕವಲು ವಸಿಷ್ಠ ಎಂಬ ಹೆಸರಿನಲ್ಲಿ ಊರಿನ ಮಗ್ಗುಲಲ್ಲೇ ಹರಿದು ಸಮುದ್ರಕ್ಕೆ ಹೋಗುತ್ತದೆ. ರೈಲು ಹಳಿಯೂ ಇಲ್ಲಿಗೇ ಮುಗಿಯುತ್ತದೆ. ಈಗ ನೋಡಿದರೆ ಸಾಧಾರಣ ಪೇಟೆ. ಆದರೆ 17ನೆಯ ಶತಮಾನದಲ್ಲಿ ಯುರೋಪಿನ ವ್ಯಾಪಾರಿಗಳು ಇಲ್ಲಿ ಹಡಗು ಕಟ್ಟಿಸುತ್ತಿದ್ದರು. ಊರಿಗೆ ಅಂಟಿಕೊಂಡಿರುವ ಮಾಧವಾಯಪಾಲೆಂನಿಂದ ಹೋಗುತ್ತಿದ್ದ ನಯವಾದ ಹತ್ತಿ ಬಟ್ಟೆಗೆ ಇಂಗ್ಲಿಷರ ಬಾಯಲ್ಲಿ 'ಮದಪೊಲ್ಲಮ್' ಎಂದು ಹೆಸರಾಯಿತು. ಆ ಹೆಸರು ಬಟ್ಟೆ ವ್ಯಾಪಾರದಲ್ಲಿ ಇಂದಿಗೂ ಉಳಿದಿದೆ.

ಬಟ್ಟೆಯ ಕಾಲ ಮುಗಿಯಿತು. ಊರಿಗೆ ಈಗ ಹೆಸರಿರುವುದು ಲೇಸಿನಿಂದ, ಅಂದರೆ ನಮ್ಮ ಕ್ರೋಶಾದಿಂದ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮಿಷನರಿ ದಂಪತಿಗಳು ಈ ಪ್ರದೇಶದ ಬಡ ಹೆಂಗಸರಿಗೆ ಇದನ್ನು ಕಲಿಸಿದರೆಂದು ಹೇಳುತ್ತಾರೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1845ರಲ್ಲಿ, ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಭೀಕರ ಕ್ಷಾಮ ಬಂದಿತ್ತು. ಅಲ್ಲಿಯೂ ಕ್ರೈಸ್ತ ಸನ್ಯಾಸಿನಿಯರೂ ಪಾದ್ರಿಗಳ ಮನೆಯ ಹೆಂಗಸರೂ ಹಳ್ಳಿಯ ಹುಡುಗಿಯರ ಕೈಗೆ ಕೊಟ್ಟದ್ದು ಇದೇ ಕಡ್ಡಿಯನ್ನು. ಗುಲಾಬಿ, ದ್ರಾಕ್ಷಿ, ಎಲೆಗಳನ್ನು ಬಿಡಿಬಿಡಿಯಾಗಿ ಹೆಣೆದು ಜಾಲರಿಯಲ್ಲಿ ಕೂಡಿಸಿದ ಐರಿಶ್ ಲೇಸು ಶ್ರೀಮಂತರ ಕೊರಳಪಟ್ಟಿಯಾಯಿತು, ಹೆಣೆದವರ ಮನೆಯ ಒಲೆ ಉರಿಯಿತು. ಟಿ.ವಿ. ಮೇಲಿನ ಅಲಂಕಾರವೆಂದು ನಾವು ತಿಳಿದಿದ್ದ ಈ ಕೆಲಸ ಜಗತ್ತಿನ ಎಷ್ಟೋ ಕಡೆ ಹಸಿವನ್ನು ನೀಗಿಸಿದೆ.

ಪೇಟೆಯಲ್ಲಿ ಆಪಾ ನನ್ನನ್ನು ಒಂದು ಅಂಗಡಿಗೆ ಕರೆದೊಯ್ದರು. ಕಪಾಟು ತೆರೆದರೆ ಬರೀ ಬಿಳಿ, ಕೆನೆಬಣ್ಣ. ತಟ್ಟೆಯ ಕೆಳಗಿಡುವ ಅಂಗೈಯಗಲದ ಹಾಸುಗಳು, ದಿಂಬಿನ ಹೊದಿಕೆ, ಮೇಜಿನ ಹಾಸು, ಇಡೀ ಮಂಚಕ್ಕೆ ಹೊದಿಸುವ ಹಾಸು, ಹೆಣ್ಣುಮಕ್ಕಳ ಮೇಲಂಗಿ, ಮಕ್ಕಳ ಟೊಪ್ಪಿ. ಒಂದು ದುಂಡನೆಯ ಮೇಜಿನ ಹಾಸಿನ ಮೇಲೆ ನನ್ನ ಕಣ್ಣು ನಿಂತಿತು. ನೂರಕ್ಕಿಂತ ಹೆಚ್ಚು ಪುಟ್ಟ ಹೂವುಗಳನ್ನು ಸೇರಿಸಿ ಮಾಡಿದ್ದು. ಅಂಗಡಿಯವರು ಬೆಲೆ ಹೇಳಿದರು. ನಾನು ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಪಳಗಿದವಳು, ಬಿಡುತ್ತೇನೆಯೇ? ಮುಖ ತಿರುಗಿಸಿದೆ, ಎದ್ದು ನಿಂತೆ, ಬಾಗಿಲವರೆಗೆ ಹೋದೆ. 300 ರೂಪಾಯಿ ಇಳಿಯಿತು. ಗೆದ್ದವಳಂತೆ ಹಾಸನ್ನು ಚೀಲದೊಳಗೆ ಹಾಕಿಕೊಂಡೆ.

"ಹೆಣೆಯುವುದನ್ನೂ ನೋಡಬೇಕಲ್ಲ?" ಎಂದು ಆಪಾ ಆಟೋ ಕರೆದರು. ಪೇಟೆಯಿಂದ ಸ್ವಲ್ಪ ದೂರದ ಒಂದು ಹಳ್ಳಿ. ಕಾಲುವೆಯ ಬದಿಯಲ್ಲಿ ಮನೆಗಳ ಸಾಲು. ಆಪಾಗೆ ಪರಿಚಯವಿದ್ದ ಮನೆಯ ಜಗಲಿಯಲ್ಲಿ ಮೂವರು ಹೆಂಗಸರು ಕುಳಿತಿದ್ದರು. ಅತ್ತೆ, ಸೊಸೆ, ಪಕ್ಕದ ಮನೆಯವರು. ಮೂವರ ಕೈಯಲ್ಲೂ ಕಡ್ಡಿ. ನೂಲಿನ ಉಂಡೆ ಉರುಳಿ ಮಣ್ಣಾಗದಂತೆ ಅತ್ತೆಯವರು ಅದನ್ನು ಒಂದು ಸ್ಟೀಲಿನ ಚೊಂಬಿನಲ್ಲಿ ಹಾಕಿಟ್ಟಿದ್ದರು. ನನಗೆ ಒಮ್ಮೆಲೇ ಉಮ್ಮನ ನೆನಪಾಯಿತು. ಉಮ್ಮನ ಉಂಡೆಯೂ ಇರುತ್ತಿದ್ದುದು ಹಾಲಿನ ತಂಬಿಗೆಯಲ್ಲಿ.

ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ತಿಳಿಯದು. ಆದರೆ ನಾನು ಕೈ ಚಾಚಿ ಕಡ್ಡಿ ಕೇಳಿ ಎಂಟು ಚೈನ್ ಹಾಕಿ, ದುಂಡಗೆ ಕೂಡಿಸಿ, ಅದರೊಳಗೆ ಕಂಬ ಎಬ್ಬಿಸತೊಡಗಿದಾಗ ಮೂವರ ಮುಖವೂ ಅರಳಿತು. ಆ ಕಡ್ಡಿ ನಮ್ಮಲ್ಲಿ ಬಳಸುವುದಕ್ಕಿಂತ ಸಪೂರ. ನನ್ನ ಕಂಬಗಳು ಸಡಿಲವಾದವು. ಸೊಸೆ ನಗುತ್ತ ನನ್ನ ಎಡಗೈಯ ಕಿರುಬೆರಳಿಗೆ ನೂಲನ್ನು ಒಂದು ಸುತ್ತು ಹೆಚ್ಚು ಸುತ್ತಿದಳು. ಹೌದಲ್ಲ, ಬಿಗಿ ಸರಿಯಾಯಿತು! ನಲವತ್ತು ವರ್ಷಗಳಿಂದ ಕ್ರೋಶಾ ನೋಡುತ್ತಿರುವ ನನಗೆ ಇಷ್ಟು ಸಣ್ಣ ವಿಷಯ ಗೊತ್ತಿರಲಿಲ್ಲ. ಆ ಒಂದು ಗಂಟೆ ನಾವು ನಾಲ್ವರೂ ಮಾತಿಲ್ಲದೆ ಮಾತಾಡಿದೆವು. ನೋಡಿ, ಇದೂ ಕ್ರೋಶಾದ ಒಂದು ಸುಖ.

ಆಪಾ ಅವರ ಮಾತುಗಳನ್ನು ನನಗೆ ದಾಟಿಸುತ್ತಿದ್ದರು. ನೂಲು ಕೊಡುವವರು ಏಜೆಂಟರು. ಮುಗಿದದ್ದನ್ನು ಒಯ್ಯುವವರೂ ಅವರೇ. ಒಂದು ಉಂಡೆ ಮುಗಿದರೆ ಇಷ್ಟೆಂದು ಕೂಲಿ. ಇವರು ಹೆಣೆಯುವುದು ಬಿಡಿ ಹೂವುಗಳನ್ನು ಮಾತ್ರ. ಹೂವುಗಳನ್ನು ಕೂಡಿಸುವ ಕೆಲಸಕ್ಕೆ 'ಅತುಕು ಪನಿ' ಎನ್ನುತ್ತಾರೆ, ಅದು ಬೇರೆ ಹೆಂಗಸರದು. ಮುಂದೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದು ಇನ್ನೊಂದು ಕಡೆ. ನನಗೆ ವಿವರಿಸಬೇಕಾಗಲಿಲ್ಲ. ಎಲೆಯ ಬದಲು ನೂಲು, ಸಾವಿರದ ಬದಲು ಉಂಡೆ. ನಮ್ಮ ಕೇರಿಯ ಬೀಡಿಯ ಲೆಕ್ಕವೇ.

"ದಿನಕ್ಕೆ ಎಷ್ಟು ಹೊತ್ತು ಹೆಣೆಯುತ್ತೀರಿ ಎಂದು ಕೇಳಿ" ಎಂದೆ.

ಸೊಸೆ ಹೇಳಿದ ಉತ್ತರವನ್ನು ಆಪಾ ದಾಟಿಸುವ ಮುನ್ನವೇ ಅದರ ಮೊದಲ ಶಬ್ದ ನನಗೆ ಅರ್ಥವಾಗಿತ್ತು.

"ಖಾಳೀಗಾ ಉನ್ನಪ್ಪುಡು."

ಖಾಲಿ ಇರುವಾಗ! ಉರ್ದುವಿನಲ್ಲೂ ಖಾಲಿ, ಕನ್ನಡದಲ್ಲೂ ಖಾಲಿ, ತೆಲುಗಿನಲ್ಲಿ ಖಾಳೀ. ಮೂರು ಭಾಷೆಗಳ ಹೆಂಗಸರು ತಮ್ಮ ಕೆಲಸಕ್ಕೆ ಇಟ್ಟುಕೊಂಡ ಹೆಸರು ಒಂದೇ.

ನಾನು ಬಿಡಲಿಲ್ಲ. ಬೆಳಿಗ್ಗೆ ಎದ್ದಲ್ಲಿಂದ ಲೆಕ್ಕ ಹಾಕೋಣ ಎಂದೆ. ಆಕೆ ನಗುತ್ತಲೇ ಬೆರಳು ಮಡಚಿದಳು. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಅಡುಗೆಯವರೆಗೆ ಒಂದೂವರೆ ಗಂಟೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ಮೂರು ಗಂಟೆ. ರಾತ್ರಿ ಎಲ್ಲರೂ ಉಂಡ ಮೇಲೆ ಟಿ.ವಿ. ಮುಂದೆ ಎರಡು ಗಂಟೆ. ಒಟ್ಟು ಆರೂವರೆ. ಆಕೆ ಬೆರಳುಗಳನ್ನು ಒಮ್ಮೆ ನೋಡಿಕೊಂಡು ಅತ್ತೆಯ ಮುಖ ನೋಡಿದಳು. ಅತ್ತೆ ಏನೋ ಹೇಳಿದರು. "ಇಷ್ಟು ವರ್ಷ ಇದನ್ನು ಯಾರೂ ಕೂಡಿಸಿ ನೋಡಿರಲಿಲ್ಲ ಅಂತಾರೆ" ಎಂದರು ಆಪಾ.

ಒಬ್ಬರು ಕೂಡಿಸಿ ನೋಡಿದ್ದರು. ಮನೆಗೆ ಬಂದ ಮೇಲೆ ಹುಡುಕಿ ಓದಿ ತಿಳಿದುಕೊಂಡ ವಿಷಯವಿದು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1970ರ ದಶಕದ ಕೊನೆಯಲ್ಲಿ ಇದೇ ಊರಿನ ಸುತ್ತಮುತ್ತ ಲೇಸು ಹೆಣೆಯುವವರ ನಡುವೆ ಅಧ್ಯಯನ ನಡೆಸಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಹೆಂಗಸರು ಮನೆಗೆಲಸದ ಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆಯುತ್ತಿದ್ದರು. ಸಿಗುತ್ತಿದ್ದುದು ದಿನಕ್ಕೆ ಒಂದು ರೂಪಾಯಿಗಿಂತಲೂ ಕಡಿಮೆ. ಆ ಲೇಸು ಯುರೋಪ್, ಅಮೆರಿಕದ ಮಾರುಕಟ್ಟೆಗಳಿಗೆ ಹೋಗುತ್ತಿತ್ತು. ಇಷ್ಟಾದರೂ ಅದನ್ನು ದುಡಿಮೆ ಎಂದು ಯಾರೂ ಕಾಣುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಲೇಸು ಹೆಣೆಯುತ್ತಾರೆ, ಅಷ್ಟೇ ಎಂಬ ಭಾವನೆ. ಕೂಲಿ ಅಷ್ಟು ಕಡಿಮೆ ಇರಲು ಈ ಭಾವನೆಯೇ ಕಾರಣ ಎಂಬುದು ಆಕೆಯ ವಾದ.

ಜಗಲಿಗೆ ಮರಳೋಣ. ನಾನು ಚೀಲದಿಂದ ಬೆಳಿಗ್ಗೆ ಕೊಂಡ ಹಾಸನ್ನು ತೆಗೆದು ಅವರೆದುರು ಹರಡಿದೆ. ಮೂವರೂ ಬಗ್ಗಿ ನೋಡಿದರು. ಸೊಸೆ ಒಂದು ಹೂವಿನ ಮೇಲೆ ಬೆರಳಿಟ್ಟಳು, ಮತ್ತೊಂದರ ಮೇಲಿಟ್ಟಳು. ತಾನು ಎರಡು ವರ್ಷದಿಂದ ಹೆಣೆಯುತ್ತಿರುವುದು ಇದೇ ನಮೂನೆ ಎಂದಳು. ಹೂವುಗಳು ಕೂಡಿ ಹೀಗೆ ಮೇಜಿನ ಹಾಸಾಗುತ್ತದೆ ಎಂದು ಕೇಳಿದ್ದಳಂತೆ, ನೋಡಿರಲಿಲ್ಲ. ಈ ನೂರು ಹೂವುಗಳಲ್ಲಿ ತನ್ನದೂ ಕೆಲವು ಇರಬಹುದೇನೋ ಎಂದು ಅಂಚಿನಿಂದ ಅಂಚಿಗೆ ಕೈಯಾಡಿಸಿದಳು.

ಅಂಚಿನ ಹತ್ತಿರ ಆಕೆಯ ಬೆರಳು ನಿಂತಿತು. ಎರಡು ಹೂವುಗಳು ಸೇರುವಲ್ಲಿ ಒಂದು ಕುಣಿಕೆ ಸಡಿಲಾಗಿತ್ತು. ನಾನು ಅಷ್ಟು ಹೊತ್ತು ಅಂಗಡಿಯಲ್ಲಿ ಹಾಸನ್ನು ಮಗುಚಿ ಹಾಕಿ ನೋಡಿದರೂ ಕಂಡಿರಲಿಲ್ಲ. ಆಕೆ ತನ್ನ ನೂಲಿನಿಂದ ಒಂದು ಎಳೆ ತೆಗೆದು ನಿಮಿಷದಲ್ಲಿ ಅದನ್ನು ಬಿಗಿದು, ತುದಿಯನ್ನು ಒಳಗೆ ಸೇರಿಸಿ, ಹಾಸನ್ನು ಮಡಚಿ ನನ್ನ ಕೈಗಿಟ್ಟಳು. ನಾನು ಪರ್ಸ್ ತೆರೆದೆ. ಆಕೆ ಗಾಬರಿಯಿಂದ ಎರಡೂ ಕೈ ಅಲ್ಲಾಡಿಸಿದಳು.

"ಇಷ್ಟಕ್ಕೂ ದುಡ್ಡಾ? ಅಂತ ಕೇಳ್ತಾಳೆ" ಎಂದರು ಆಪಾ.

ನನ್ನ ಪರ್ಸಿನಲ್ಲಿ ಬೆಳಿಗ್ಗೆ ಗೆದ್ದ 300 ರೂಪಾಯಿ ಇತ್ತು. ಆ ದುಡ್ಡನ್ನು ಅಂಗಡಿಯವರ ಕೈಯಿಂದ ಗೆದ್ದೆನೆಂದು ತಿಳಿದಿದ್ದೆ. ಬೆಲೆ ಇಳಿದರೆ ಕೊನೆಗೆ ಅದು ಇಳಿದುಬಂದು ನಿಲ್ಲುವುದು ಯಾರ ಜಗಲಿಯಲ್ಲಿ? ಮಕ್ಕಳಿಗೆ ಎಂದು ಹೇಳಿ ಬಲವಂತ ಮಾಡಿ ಅದನ್ನು ಅತ್ತೆಯವರ ಕೈಯಲ್ಲಿಟ್ಟು ಬಂದೆ. ಹಾಗೆ ಕೊಟ್ಟದ್ದು ಉಡುಗೊರೆಯಾಯಿತೇ ಹೊರತು ಕೂಲಿಯಾಗಲಿಲ್ಲ, ಅದು ನನಗೆ ಗೊತ್ತು.

ಸಂಜೆ ಆಪಾ ನನ್ನನ್ನು ನದಿಯ ರೇವಿಗೆ ಕರೆದೊಯ್ದರು. ಜನ, ಸೈಕಲ್, ಬೈಕು, ಆಟೋಗಳನ್ನು ಹೇರಿಕೊಂಡ ದೊಡ್ಡ ದೋಣಿ ಆಚೆ ದಡದ ಸಖಿನೇಟಿಪಲ್ಲಿಗೆ ಹೊರಡುತ್ತಿತ್ತು. ಅದನ್ನು ಅಲ್ಲಿ 'ಪಂಟು' ಎನ್ನುತ್ತಾರೆ. ಆಪಾ ಚೀಲದಿಂದ ಪೂತರೇಕುಲು ತೆಗೆದು ಕೊಟ್ಟರು. ಕಾದ ಮಡಕೆಯ ಬೆನ್ನಿನ ಮೇಲೆ ಅಕ್ಕಿಯ ತಿಳಿ ಹಿಟ್ಟನ್ನು ಬಟ್ಟೆಯಿಂದ ಸವರಿ, ಕಾಗದಕ್ಕಿಂತ ತೆಳುವಾದ ಹಾಳೆ ಎಬ್ಬಿಸಿ, ಬೆಲ್ಲ ತುಪ್ಪ ಹಾಕಿ ಮಡಚುವ ಸಿಹಿ. ಅದೂ ಈ ಸೀಮೆಯ ಹೆಂಗಸರ ಕೈಕೆಲಸವೇ. ಬಾಯಿಗಿಟ್ಟರೆ ಕರಗಿಹೋಗುತ್ತದೆ. ನಾನು ಆ ದಿನ ಅದನ್ನು ಬಹಳ ನಿಧಾನವಾಗಿ ತಿಂದೆ.

ನರಸಾಪುರದ ಕ್ರೋಶಾಕ್ಕೆ 2024ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿದೆ. ಮೈಸೂರು ಮಲ್ಲಿಗೆಗೆ, ಉಡುಪಿ ಮಲ್ಲಿಗೆಗೆ ಸಿಕ್ಕಿದ ಹಾಗೆ. ಇನ್ನು ಬೇರೆ ಕಡೆಯ ಲೇಸನ್ನು ನರಸಾಪುರದ್ದೆಂದು ಹೆಸರು ಹಾಕಿ ಮಾರುವಂತಿಲ್ಲ. ಊರಿಗೆ ಹೆಸರು ಬಂತು, ಸಂತೋಷ. ಅದರ ಪಾಲು ಜಗಲಿಗೂ ತಲುಪಲಿ ಎಂದು ಆಶಿಸೋಣ. ಸಹೋದರಿಯರು ಒಂದು ಮಾತು ನೆನಪಿಡಬೇಕು. ಬಟ್ಟೆ ನೇಯಲು, ನಿಟ್ಟಿಂಗ್‌ಗೆ, ಕಸೂತಿಗೆ ಕಾರ್ಖಾನೆಗಳಲ್ಲಿ ಯಂತ್ರಗಳಿವೆ. ಕ್ರೋಶಾದಂತೆ ಕಾಣುವ ಜಾಲರಿಯನ್ನೂ ಯಂತ್ರ ಹೆಣೆಯುತ್ತದೆ. ಆದರೆ ಅಂಗಡಿಯಲ್ಲಿ ನೀವು ನೋಡುವ ನಿಜವಾದ ಕ್ರೋಶಾ ವಸ್ತು ಯಾವ ದೇಶದ್ದೇ ಆಗಿರಲಿ, ಎಷ್ಟೇ ಅಗ್ಗವಾಗಿರಲಿ, ಅದನ್ನು ಯಾರೋ ಒಬ್ಬರು ಕುಳಿತು ಕೈಯಿಂದಲೇ ಹೆಣೆದಿರುತ್ತಾರೆ.

ಈ ಕೈಗಳನ್ನು ಕಡಿಮೆ ಎಣಿಸುವುದೂ ತಪ್ಪು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ ರೇಖಾಗಣಿತದ ಒಂದು ಕಠಿಣ ಆಕೃತಿಯನ್ನು ವಿದ್ಯಾರ್ಥಿಗಳಿಗೆ ಮುಟ್ಟಿ ತೋರಿಸಲು ದಾರಿ ಹುಡುಕುತ್ತಿದ್ದರು. ಕಾಗದದ ಮಾದರಿಗಳು ಕೈಯಲ್ಲಿ ಹಿಡಿದರೆ ಹರಿಯುತ್ತಿದ್ದವು. ಆಕೆ ಕ್ರೋಶಾ ಕಡ್ಡಿ ಹಿಡಿದರು. ಪ್ರತಿ ಸಾಲಿನಲ್ಲೂ ಒಂದೇ ಪ್ರಮಾಣದಲ್ಲಿ ಹೊಲಿಗೆ ಹೆಚ್ಚಿಸುತ್ತ ಹೋದರೆ ಅಂಚು ಹವಳದಂತೆ, ಲೆಟ್ಯೂಸ್ ಸೊಪ್ಪಿನಂತೆ ನಿರಿಗೆ ನಿರಿಗೆಯಾಗುತ್ತದೆ. ಬೇಕಾಗಿದ್ದ ಆಕೃತಿ ಅದೇ! ಈ ಕತೆ ಹೇಳಿದವಳೂ ನನ್ನ ಮಗಳೇ. ಟೊಪ್ಪಿ ಹೆಣೆಯುವಾಗ ಕಂಬ ಹೆಚ್ಚಾಗಿ ಅಂಚು ನಿರಿಗೆ ಬಿದ್ದರೆ ಉಮ್ಮ ಬೇಸರದಿಂದ ಬಿಚ್ಚಿಬಿಡುತ್ತಿದ್ದರು. ಆ ನಿರಿಗೆಯೊಳಗೆ ಇಷ್ಟೆಲ್ಲ ಗಣಿತವಿದ್ದದ್ದು ನಮಗೇನು ಗೊತ್ತು?

ಮನೆಗೆ ಬಂದು ಹಾಸನ್ನು ಉಮ್ಮನ ಮಡಿಲಲ್ಲಿ ಹರಡಿದೆ. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಕಡ್ಡಿ ಹಿಡಿದಿಲ್ಲ. ಆದರೂ ಬೆರಳಿಗೆ ಎಲ್ಲವೂ ನೆನಪಿದೆ. ಒಂದು ಹೂವನ್ನು ಸವರಿ ಕಂಬಗಳನ್ನು ಎಣಿಸಿದರು.

"ಎಷ್ಟು ಕೊಟ್ಟೆ?" ಎಂದು ಕೇಳಿದರು. ಹೇಳಿದೆ. 300 ರೂಪಾಯಿಯ ಕತೆಯನ್ನೂ ಹೇಳಿದೆ.

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಕೇಳಿದರು, "ಇದು ಎಷ್ಟು ರಾತ್ರಿಯ ಕೆಲಸ ಗೊತ್ತುಂಟಾ ನಿನಗೆ?"

ನಾನು ಗಂಟೆಗಳ ಲೆಕ್ಕ ಹಾಕುತ್ತಿದ್ದೆ, ಅವರು ರಾತ್ರಿಗಳ ಲೆಕ್ಕ ಕೇಳಿದರು. ಆ ದಿನ ಉಮ್ಮ ಮೊದಲ ಬಾರಿಗೆ ಬಾಯಿಬಿಟ್ಟರು. ಒಂದು ವರ್ಷ ತಂದೆಯವರು ಜ್ವರ ಬಂದು ಮಲಗಿದ್ದಾಗ ಪೇಟೆಯ ಅಂಗಡಿಯೊಂದಕ್ಕೆ ಟೊಪ್ಪಿ ಹೆಣೆದು ಕೊಡುತ್ತಿದ್ದರಂತೆ. ನಾವು ಮಲಗಿದ ಮೇಲೆ ಚಿಮಣಿ ದೀಪದ ಮುಂದೆ, ರಾತ್ರಿಗೊಂದು ಟೊಪ್ಪಿ. ನನ್ನ ಹೈಸ್ಕೂಲಿನ ಫೀಸು, ತಮ್ಮನ ಚಪ್ಪಲಿ, ಎರಡು ತಿಂಗಳ ಅಕ್ಕಿ, ಎಲ್ಲವೂ ಆ ಟೊಪ್ಪಿಗಳಿಂದ ಬಂದದ್ದು.

"ಇಷ್ಟು ದಿನ ಯಾಕೆ ಹೇಳಲಿಲ್ಲ ಉಮ್ಮಾ?"

"ನೀವು ಕೇಳಲಿಲ್ಲ. ಖಾಲಿ ಹೊತ್ತಿನಲ್ಲಿ ಮಾಡಿದ್ದನ್ನು ಹೇಳಿಕೊಳ್ಳುವುದೇನು?" ಎಂದರು.

ಬಾಗಿಲಲ್ಲಿ ನಿಂತು ಮಗಳು ಎಲ್ಲವನ್ನೂ ಕೇಳುತ್ತಿದ್ದಳು. ಅವಳ 24 ಗಂಟೆಯ ಸಾಲ ನನ್ನ ಮೇಲಿತ್ತು. ನಾನೇ ಹೋಗಿ ಅವಳೆದುರು ಕುಳಿತು, "ಅವತ್ತು ನಾನು ಹಾಗೆ ಹೇಳಬಾರದಿತ್ತು ಮಗಳೇ" ಎಂದೆ. ಮಗಳೆದುರು ತಪ್ಪು ಒಪ್ಪಿಕೊಳ್ಳುವುದು ಕ್ರೋಶಾ ಬಿಚ್ಚಿದಷ್ಟು ಸುಲಭವಲ್ಲ. ಆದರೆ ಬಿಚ್ಚಿದ ಮೇಲೆ ನೂಲು ಉಳಿಯುತ್ತದೆ.

ಈಗ ಅವಳು ಒಂದು ನೋಟ್‌ಪುಸ್ತಕ ಇಟ್ಟಿದ್ದಾಳೆ. ಪ್ರತಿ ಗೊಂಬೆಗೂ ನೂಲು ಎಷ್ಟು, ಗಂಟೆ ಎಷ್ಟು ಎಂದು ಬರೆಯುತ್ತಾಳೆ. ಮಾರುವ ವಸ್ತುವಿನ ಚೀಟಿಯಲ್ಲಿ ಬೆಲೆಯ ಕೆಳಗೆ 'ಹೆಣೆಯಲು ಹಿಡಿದ ಸಮಯ' ಎಂದು ಒಂದು ಸಾಲು ಇರುತ್ತದೆ. ಅದನ್ನು ಓದಿದ ಮೇಲೆ ಚೌಕಾಸಿ ಮಾಡುವವರು ಕಡಿಮೆಯಾಗಿದ್ದಾರೆ. ಎಲ್ಲವನ್ನೂ ಮಾರುವುದಿಲ್ಲ. ತನ್ನ ಸಂತೋಷಕ್ಕೆಂದು ಹೆಣೆಯುವುದಿದೆ, ಗೆಳತಿಯರಿಗೆ ಪ್ರೀತಿಯಿಂದ ಕೊಡುವುದಿದೆ. ಉಡುಗೊರೆ ಕೊಡುವವಳು ತಾನೇ ಕೊಡಬೇಕು, ಪಡೆಯುವವರು ಅದನ್ನು ಹಕ್ಕೆಂದು ಕೇಳಬಾರದು, ಅಷ್ಟೇ.

ನಿಮ್ಮ ಮನೆಯಲ್ಲಿಯೂ ಇಂತಹ ಒಂದು ಡಬ್ಬವಿರಬಹುದು. ನಿಮ್ಮ ಉಮ್ಮನದೋ, ಅತ್ತೆಯದೋ, ಅಜ್ಜಿಯದೋ. ಅದನ್ನು ತೆರೆದು ಅವರ ಪಕ್ಕದಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ಚೈನ್ ಹಾಕುವುದನ್ನು ಕಲಿಯಿರಿ, ಎಷ್ಟು ರಾತ್ರಿಗಳೆಂದೂ ಕೇಳಿ.

ನಮ್ಮ ಡಬ್ಬದಲ್ಲಿ ಜೋಡಿಸದೆ ಉಳಿದಿದ್ದ ಹೂವುಗಳನ್ನು ಮೊನ್ನೆ ಎಣಿಸಿದೆವು. 37 ಇದ್ದವು. ಉಮ್ಮ ಹೇಳಿಕೊಡುತ್ತಾರೆ, ನಾನು ಜೋಡಿಸುತ್ತಿದ್ದೇನೆ, ಸಾಲದ ಹೂವುಗಳನ್ನು ಮಗಳು ಹೆಣೆಯುತ್ತಿದ್ದಾಳೆ. ಕಿರುಬೆರಳಿಗೆ ನೂಲನ್ನು ಒಂದು ಸುತ್ತು ಹೆಚ್ಚು ಸುತ್ತಲು ಅವಳಿಗೂ ಕಲಿಸಿದ್ದೇನೆ.